ನಿಮ್ಮ ಆರ್‌ವಿ ಬಾಡಿಗೆಗೆ ಕೊಡುವುದು ಹೇಗೆ: ಅಮೆರಿಕದ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಮನೆ ಮುಂದೆ ಸುಮ್ಮನೆ ನಿಂತಿರುವ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಶೌಚಕ್ಕೆ ಅನುಕೂಲವಿರುವ ಮೋಟರ್‌ಹೋಮ್, ನಾಲ್ಕು ಕಾಸು ದುಡಿಯಲಿ ಎಂದು ಹೊರಟವರಲ್ಲಿ ಬಹಳಷ್ಟು ಮಂದಿ ಮೊದಲ ಬೇಸಿಗೆಯಲ್ಲೇ ಕೈಸುಟ್ಟುಕೊಳ್ಳುತ್ತಾರೆ. ಕಾರಣ ಹೆಚ್ಚಾಗಿ ಒಂದೇ. ಶನಿವಾರ ಫೋಟೊ ತೆಗೆಯುತ್ತಾರೆ, ಭಾನುವಾರ ಜಾಹೀರಾತು ಹಾಕುತ್ತಾರೆ, ಬುಕಿಂಗ್ ಬಂದ ಮೇಲೆ ವಿಮೆ ಪಾಲಿಸಿ ತೆಗೆದು ಓದುತ್ತಾರೆ. ಕೆಲಸ ಈ ಕ್ರಮಕ್ಕೆ ಸರಿಯಾಗಿ ತಿರುಗುಮುರುಗು ಆಗಬೇಕು: ಮೊದಲು ಕಾಗದ, ಆಮೇಲೆ ಗಾಡಿ, ಆಮೇಲೆ ದರ ಮತ್ತು ಷರತ್ತು, ಕೊನೆಗೆ ಫೋಟೊ.

ಇಲ್ಲಿನ ವಿವರಗಳೆಲ್ಲ ಕ್ಲಾಸ್ ಸಿ ಗಾಡಿಯನ್ನು, ಅಂದರೆ ಚಾಲಕನ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ 22ರಿಂದ 31 ಅಡಿಯ ಗಾಡಿಯನ್ನು, ಮನಸ್ಸಿನಲ್ಲಿಟ್ಟುಕೊಂಡು ಬರೆದವು. ರಜೆಗೆ ಹೋಗುವ ಕುಟುಂಬಗಳು ಹೆಚ್ಚು ಕೇಳುವುದು ಇದನ್ನೇ. ಚಿಕ್ಕ ಕ್ಯಾಂಪರ್ ವ್ಯಾನ್ ಇದ್ದವರು ಸ್ಲೈಡ್‌ಔಟ್ (ಗಾಡಿ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಕೋಣೆಯ ಭಾಗ) ಮತ್ತು ಜನರೇಟರ್ ಭಾಗ ಬಿಟ್ಟು ಓದಬಹುದು.

## ಹಂತ 1: ಕಾಗದಪತ್ರ, ಅದರಲ್ಲೂ ವೀಸಾ

ವೀಸಾ. ಬೇರೆಯವರ ಮಾರ್ಗದರ್ಶಿಗಳಲ್ಲಿ ಈ ಮಾತು ಸಿಗುವುದಿಲ್ಲ. ನಮ್ಮವರಿಗೆ ಇದೇ ಮೊದಲ ಪ್ರಶ್ನೆ. ಎಚ್-1ಬಿ ಉದ್ಯೋಗ ವೀಸಾ ಇರುವವರು ತಮಗಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಷೇರಿನ ಡಿವಿಡೆಂಡ್ ಬಂದ ಹಾಗೆ ಸುಮ್ಮನೆ ಕೂತು ಬರುವ ಆದಾಯ ಒಂದು ಬಗೆ. ನೀವೇ ಗ್ರಾಹಕರ ಜೊತೆ ಮಾತಾಡಿ, ಗಾಡಿ ತೊಳೆದು, ಕೀ ಕೊಟ್ಟು, ಟ್ಯಾಂಕ್ ಖಾಲಿ ಮಾಡಿ ಗಳಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಅನುಮತಿಯಿಲ್ಲದ ಉದ್ಯೋಗ ಎಂದು ನೋಡುವ ಅಪಾಯವಿದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು ಬೇಸಿಗೆಯ ಕೆಲವು ಸಾವಿರ ಡಾಲರ್‌ಗಾಗಿ ಇದನ್ನು ಊಹೆಯ ಮೇಲೆ ಬಿಡಬಾರದು. ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಎಚ್-4 (ಅವಲಂಬಿತರ ವೀಸಾ) ಇರುವ ಸಂಗಾತಿಯ ಹೆಸರಲ್ಲಿ ಮಾಡುತ್ತೇವೆ ಅನ್ನುವವರು ಅವರಿಗೆ ಇಎಡಿ, ಅಂದರೆ ಕೆಲಸದ ಪರವಾನಗಿ, ಇದೆಯೇ ನೋಡಿಕೊಳ್ಳಬೇಕು.

ವಿಮೆ. ಮನೆಬಳಕೆಯ ಆರ್‌ವಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬಾಡಿಗೆ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಬಾಡಿಗೆದಾರ ಗುದ್ದಿದರೆ ಪರಿಹಾರ ಇಲ್ಲ. ಜೊತೆಗೆ ವಿಷಯ ತಿಳಿದ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು. ಏಜೆಂಟ್‌ಗೆ ಇಮೇಲ್‌ನಲ್ಲಿ ಎರಡೇ ಪ್ರಶ್ನೆ ಕೇಳಿ. ಬಾಡಿಗೆ ಇಲ್ಲದ ದಿನಗಳಲ್ಲಿ ನನ್ನ ಪಾಲಿಸಿ ಮುಂದುವರಿಯುತ್ತದೆಯೇ? ಬಾಡಿಗೆಗೆ ಕೊಡುತ್ತೇನೆ ಎಂಬ ಕಾರಣಕ್ಕೆ ರದ್ದಾಗುತ್ತದೆಯೇ? ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಔಟ್‌ಡೋರ್ಸಿ, ಆರ್‌ವಿಶೇರ್‌ನಂಥ, ಮಾಲೀಕರನ್ನೂ ಬಾಡಿಗೆದಾರರನ್ನೂ ಸೇರಿಸುವ ಆನ್‌ಲೈನ್ ತಾಣಗಳು ಬುಕಿಂಗ್ ಅವಧಿಗೆ ತಮ್ಮದೇ ವಿಮೆ ಕೊಡುತ್ತವೆ. ಅರ್ಹ ಗಾಡಿಗಳಿಗೆ ಹೊಣೆಗಾರಿಕೆ ರಕ್ಷಣೆ 10 ಲಕ್ಷ ಡಾಲರ್‌ವರೆಗೆ ಇರುತ್ತದೆ. ಆದರೆ ಅದು ಬುಕಿಂಗ್‌ನ ದಿನಾಂಕಗಳಿಗೆ ಮತ್ತು ಪರಿಶೀಲಿಸಿ ಒಪ್ಪಿದ ಚಾಲಕರಿಗೆ ಮಾತ್ರ. ಸವೆತ, ಯಂತ್ರದ ತೊಂದರೆ, ಹಳೆಯ ಸೋರಿಕೆ ಇವುಗಳನ್ನು ಅದು ಕಟ್ಟಿಕೊಡುವುದಿಲ್ಲ. ಗಾಡಿಯ ವಯಸ್ಸು ಮತ್ತು ಬೆಲೆಗೂ ಮಿತಿ ಇರುತ್ತದೆ, ಹಳೆಯ ಗಾಡಿಯವರು ಅದನ್ನೇ ಮೊದಲು ನೋಡಬೇಕು. ‘ತಾಣಕ್ಕೆ ಕಮಿಷನ್ ಯಾಕೆ, ನೇರವಾಗಿ ಜ಼ೆಲ್‌ನಲ್ಲಿ ಹಣ ಹಾಕ್ತೀವಿ’ ಎನ್ನುವ ಪರಿಚಯದವರಿಗೂ ಇದೇ ಉತ್ತರ: ತಾಣದ ಹೊರಗೆ ಕೊಟ್ಟ ಕೀಗೆ ತಾಣದ ವಿಮೆ ಇರುವುದಿಲ್ಲ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಿಂದ ಬಂದವರಾದರೂ ಅಷ್ಟೇ.

ಸಾಲ ಮತ್ತು ವಾರಂಟಿ. ಸಾಲದ ಒಪ್ಪಂದದಲ್ಲಿ ಬಾಡಿಗೆ ಬಳಕೆ ನಿಷೇಧಿಸಿರಬಹುದು. ಎಕ್ಸ್‌ಟೆಂಡೆಡ್ ವಾರಂಟಿಯಲ್ಲಂತೂ ಬಾಡಿಗೆಗೆ ಕೊಟ್ಟರೆ ವಾರಂಟಿ ಹೋಯಿತು ಎಂಬ ಸಾಲು ಬಹಳ ಸಾಮಾನ್ಯ.

ನಿಲ್ಲಿಸುವ ಜಾಗ. ಬಹಳಷ್ಟು ಎಚ್‌ಒಎಗಳು (ಬಡಾವಣೆಯ ಮನೆಮಾಲೀಕರ ಸಂಘಗಳು) ಡ್ರೈವ್‌ವೇನಲ್ಲಿ ಆರ್‌ವಿ ನಿಲ್ಲಿಸಲು ಬಿಡುವುದಿಲ್ಲ, ಬಿಟ್ಟರೂ ಒಂದೆರಡು ದಿನ. ಸ್ಟೋರೇಜ್ ಲಾಟ್‌ನಲ್ಲಿ ಇಟ್ಟವರು ಅಲ್ಲೇ ಗ್ರಾಹಕರಿಗೆ ಗಾಡಿ ಒಪ್ಪಿಸಬಹುದೇ ಎಂದು ಕೇಳಿ. ಅಲ್ಲಿ ಕರೆಂಟು, ನೀರು ಇಲ್ಲದಿದ್ದರೆ ತೋರಿಸಿಕೊಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

(ಊರಲ್ಲಿ ಕ್ಯಾರವಾನ್ ಮಾಡಿಸಿ ಕೊಡುವ ಯೋಚನೆ ಇದ್ದವರಿಗೆ ಒಂದು ಮಾತು: ಭಾರತದಲ್ಲಿ ಬಿಳಿ ಬೋರ್ಡಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಪರ್ಮಿಟ್ ಬೇಕು. ಈ ಮಾರ್ಗದರ್ಶಿ ಅಲ್ಲಿಗೆ ಹೊಂದುವುದಿಲ್ಲ.)

## ಹಂತ 2: ಅಪರಿಚಿತರ ಕೈಗೆ ಕೊಡಬಹುದಾದ ಸ್ಥಿತಿಗೆ ಗಾಡಿ ತನ್ನಿ

ನಿಮ್ಮ ಗಾಡಿಯ ತರಲೆಗಳೆಲ್ಲ ನಿಮಗೆ ಅಭ್ಯಾಸವಾಗಿವೆ. ಬಾಗಿಲು ಸ್ವಲ್ಪ ಎತ್ತಿ ಹಾಕಬೇಕು, ಪಂಪ್ ಸ್ವಿಚ್ ಎರಡು ಸಲ ಒತ್ತಬೇಕು. ಹೊಸಬರಿಗೆ ಇಂಥ ಒಂದೊಂದೂ ರಾತ್ರಿ 11 ಗಂಟೆಯ ಫೋನ್ ಕಾಲ್. ‘ಸ್ವಲ್ಪ ಹೀಗೆ ಮಾಡಬೇಕು’ ಎಂದು ವಿವರಿಸಬೇಕಾದ ಪ್ರತಿಯೊಂದನ್ನೂ ಮೊದಲು ರಿಪೇರಿ ಮಾಡಿಸಿ.

ಟೈರ್. ಪಟ್ಟೆ (ಟ್ರೆಡ್) ಸವೆದಿಲ್ಲ ಎಂದು ಸಮಾಧಾನ ಪಡಬೇಡಿ. ಆರ್‌ವಿ ಟೈರು ಸವೆಯುವುದಕ್ಕಿಂತ ಮೊದಲೇ ಮುಪ್ಪಾಗುತ್ತದೆ. ಬದಿಯಲ್ಲಿರುವ ಡಿಒಟಿ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರನ್ನು ಬಾಡಿಗೆ ಗಾಡಿಯಲ್ಲಿ ಇಟ್ಟುಕೊಳ್ಳಬೇಡಿ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದಕ್ಕೆ ಗೇಜ್ ತಾಗುತ್ತದೆಯೇ ನೋಡಿ, ತಾಗದಿದ್ದರೆ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿ. ಕೈ ತಾಗದ ಆ ಟೈರಿನಲ್ಲೇ ಗಾಳಿ ಇಳಿದಿರುತ್ತದೆ. ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ.

ಚಾವಣಿ. ಏಣಿ ಹತ್ತಿ ವೆಂಟ್, ಎಸಿ, ಆ್ಯಂಟೆನಾ ಬುಡದ ಸೀಲಂಟ್ ಬಿರುಕು ಬಿಟ್ಟಿದೆಯೇ ನೋಡಿ. ಒಳಗೆ, ಚಾಲಕನ ಮೇಲಿನ ಹಾಸಿಗೆಯ ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ. ನೆನೆದ ರೊಟ್ಟಿಯ ಹಾಗೆ ಮೆತ್ತಗೆ ಒಳಗೆ ಹೋದರೆ ನೀರು ಇಳಿದಿದೆ, ಮರ ಕೊಳೆಯುತ್ತಿದೆ. ಕ್ಲಾಸ್ ಸಿ ಗಾಡಿಗಳು ಮೊದಲು ಸೋರುವ ಜಾಗ ಅದೇ. ಅದನ್ನು ಮುಚ್ಚಿ ಬಾಡಿಗೆಗೆ ಕೊಟ್ಟರೆ ಮೊದಲ ಮಳೆಯ ದಿನ ಹಣ ವಾಪಸ್ ಕೊಡಬೇಕಾಗುತ್ತದೆ.

ಜೀವ ಉಳಿಸುವ ಸಾಧನಗಳು. ಹೊಗೆ, ಕಾರ್ಬನ್ ಮಾನಾಕ್ಸೈಡ್, ಪ್ರೊಪೇನ್ (ಗಾಡಿಯ ಗ್ಯಾಸ್) ಈ ಮೂರೂ ಡಿಟೆಕ್ಟರ್‌ಗಳ ಹಿಂಭಾಗದಲ್ಲಿ ಅವಧಿ ಮುಗಿಯುವ ವರ್ಷ ಬರೆದಿರುತ್ತದೆ. ಒತ್ತಿದರೆ ಕೂಗಿತು ಎಂದ ಮಾತ್ರಕ್ಕೆ ಒಳಗಿನ ಸೆನ್ಸರ್ ಸರಿಯಿದೆ ಎಂದಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಹಾಗಾಗಿ ಅದರ ಡಿಟೆಕ್ಟರ್ ನೆಲದ ಹತ್ತಿರ ಇರುತ್ತದೆ. ಬಾಡಿಗೆದಾರರು ಅದರ ಮುಂದೆ ಸೂಟ್‌ಕೇಸ್ ನಿಲ್ಲಿಸುತ್ತಾರೆ, ಹೇಳಿ. ವರ್ಷಕ್ಕೊಮ್ಮೆ ಆರ್‌ವಿ ಟೆಕ್ನಿಷಿಯನ್ ಕೈಯಲ್ಲಿ ಗ್ಯಾಸ್ ಲೈನಿನ ಒತ್ತಡ ಪರೀಕ್ಷೆ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ಸೀಟ್ ಬೆಲ್ಟ್ ಎಣಿಕೆ. ಎಂಟು ಜನ ಮಲಗಬಹುದಾದ ಗಾಡಿಯಲ್ಲಿ ಆರೇ ಬೆಲ್ಟ್ ಇರಬಹುದು. ಪ್ರಯಾಣಿಸುವವರ ಸಂಖ್ಯೆ ಬೆಲ್ಟ್‌ಗಳಷ್ಟೇ. ಮಕ್ಕಳ ಕಾರ್ ಸೀಟನ್ನು ಮುಖ ಮುಂದೆ ಇರುವ ಸೀಟಿಗೆ ಮಾತ್ರ ಕಟ್ಟಬೇಕು, ಅಡ್ಡ ಸೋಫಾಕ್ಕೆ ಕಟ್ಟಲೇಬಾರದು. ಡೈನೆಟ್ (ಊಟದ ಮೇಜಿನ) ಸೀಟಿನ ಹಿಂದೆ ಕಾರ್ ಸೀಟಿನ ಮೇಲ್ಪಟ್ಟಿ ಸಿಕ್ಕಿಸುವ ಟೆದರ್ ಕೊಕ್ಕೆ ಇದೆಯೇ ಇಲ್ಲವೇ ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ. ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಅದು.

ಇಷ್ಟಾದ ಮೇಲೆ ಗಾಡಿಯ ಗುರುತಿನ ಸಂಖ್ಯೆಯನ್ನು (ವಿನ್) ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ಬಾಕಿ ಇರುವ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಕೊಟ್ಟ ಕರೆ) ಮುಗಿಸಿ. ಷಾಸಿ ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು. ಎರಡೂ ಕಂಪನಿಗಳ ರೀಕಾಲ್ ನೋಡಬೇಕು.

## ಹಂತ 3: ಗಾಡಿಯೊಳಗೆ ಏನಿರಬೇಕು

ಪಾತ್ರೆ, ಚಾದರ, ಕುರ್ಚಿಗಳ ಪಟ್ಟಿ ಎಲ್ಲರಿಗೂ ಗೊತ್ತು. ಜನ ಮರೆಯುವುದು ಹೊರಗಿನ ಖಾನೆಯ ಸಾಮಾನು:

- ಕುಡಿಯುವ ನೀರಿನ ಬಿಳಿ ಪೈಪು 25 ಅಡಿಯದು ಎರಡು. ತೊಳೆಯಲು ಬೇರೆ ಬಣ್ಣದ ಇನ್ನೊಂದು. ಎರಡನ್ನೂ ಒಂದೇ ಡಬ್ಬದಲ್ಲಿ ಇಡಬೇಡಿ.
- 40ರಿಂದ 50 ಪಿಎಸ್‌ಐನ ವಾಟರ್ ಪ್ರೆಷರ್ ರೆಗ್ಯುಲೇಟರ್. ಕೆಲವು ಕ್ಯಾಂಪ್‌ಗ್ರೌಂಡ್‌ಗಳ ನಲ್ಲಿ ಒತ್ತಡಕ್ಕೆ ಗಾಡಿಯ ಪ್ಲಾಸ್ಟಿಕ್ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಇದನ್ನು ಪೈಪಿನ ತುದಿಗಲ್ಲ, ನಲ್ಲಿಗೇ ಹಾಕಬೇಕು.
- 3 ಇಂಚಿನ ಸೀವರ್ ಹೋಸ್, ಪಾರದರ್ಶಕ ಎಲ್ಬೊ, ಒಂದು ಪೆಟ್ಟಿಗೆ ಬಿಸಾಡುವ ಕೈಗವಸು.
- ಸರ್ಜ್ ಪ್ರೊಟೆಕ್ಟರ್, 30ರಿಂದ 50 ಆಂಪ್‌ಗೆ ಅಡಾಪ್ಟರ್, ಮಟ್ಟ ಮಾಡುವ ಬ್ಲಾಕ್, ಚಕ್ರಕ್ಕೆ ಕೊಡುವ ಚಾಕ್.
- ಆರ್‌ವಿಗೆಂದೇ ಬರುವ, ಬೇಗ ಕರಗುವ ಟಾಯ್ಲೆಟ್ ಪೇಪರ್ ನಾಲ್ಕು ಸುರುಳಿ. ನೀವೇ ಇಟ್ಟರೆ ಅವರು ಮನೆಯಿಂದ ದಪ್ಪ ಪೇಪರ್ ತರುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ, ಸ್ಟಿಯರಿಂಗ್ ಹಿಂದೆ ಕಣ್ಣಿಗೆ ರಾಚುವಂತೆ ಗಾಡಿಯ ಎತ್ತರದ ಸ್ಟಿಕ್ಕರ್ ಅಂಟಿಸಿ. ಎಸಿಯ ತುದಿಯವರೆಗೆ ಟೇಪ್ ಹಿಡಿದು ನೀವೇ ಅಳೆಯಿರಿ, ಕ್ಯಾಟಲಾಗ್ ನಂಬಬೇಡಿ. 11 ಅಡಿ 3 ಇಂಚು ಬಂದರೆ 11 ಅಡಿ 6 ಇಂಚು ಎಂದು ಬರೆಯಿರಿ. ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆಯೊಂದು ಬಾಡಿಗೆ ಟ್ರಕ್‌ಗಳ ನೆತ್ತಿ ಸುಲಿದೇ ಹೆಸರಾಯಿತು. 2019ರಲ್ಲಿ 12 ಅಡಿ 4 ಇಂಚಿಗೆ ಏರಿಸಿದ ಮೇಲೂ ಅದಕ್ಕೆ ಗುದ್ದುವವರು ನಿಂತಿಲ್ಲ. ಕಾರು ಓಡಿಸಿ ಅಭ್ಯಾಸವಾದವರ ಕಣ್ಣಿಗೆ ಎತ್ತರ ಕಾಣುವುದೇ ಇಲ್ಲ. ಸೇತುವೆಗಿಂತ ಹೆಚ್ಚಾಗಿ ಡ್ರೈವ್‌ಥ್ರೂ ಮತ್ತು ಮರದ ಕೊಂಬೆ ಚಾವಣಿಯನ್ನು ಹಾಳು ಮಾಡುತ್ತವೆ.

## ಹಂತ 4: ದರ ಮತ್ತು ಷರತ್ತು

ಅಕ್ಕಪಕ್ಕದ ಜಾಹೀರಾತು ನೋಡಿ ದರ ಹಾಕಿದರೆ ಸಾಲದು. ಒಂದು ಬುಕಿಂಗ್‌ನ ಲೆಕ್ಕ ಬರೆದು ನೋಡಿ. ದಿನಕ್ಕೆ 180 ಡಾಲರ್‌ನಂತೆ 5 ರಾತ್ರಿಗೆ 900 ಎಂದಿಟ್ಟುಕೊಳ್ಳೋಣ. ತಾಣದ ಕಮಿಷನ್ 25 ಶೇಕಡಾ ಆದರೆ 225 ಹೋಯಿತು. 600 ಮೈಲಿ ಓಡಿದ್ದಕ್ಕೆ ಟೈರು, ಬ್ರೇಕು, ಆಯಿಲ್ ಸವೆತ ಮೈಲಿಗೆ 20 ಸೆಂಟ್ ಹಿಡಿದರೆ 120. ಕೈಯಲ್ಲಿ ಉಳಿಯುವುದು 555. ಸಾಲದ ಕಂತು ಮತ್ತು ಸ್ಟೋರೇಜ್ ಸೇರಿ ತಿಂಗಳಿಗೆ 750 ಇದ್ದರೆ, ಎರಡನೇ ಬುಕಿಂಗ್ ಬರುವವರೆಗೂ ನಿಮಗೆ ನಷ್ಟವೇ. ತೊಳೆಯಲು, ತೋರಿಸಿಕೊಡಲು ಹೋದ ಏಳೆಂಟು ಗಂಟೆಯ ಲೆಕ್ಕ ಇದರಲ್ಲಿಲ್ಲ. ಅದಕ್ಕೇ ಕನಿಷ್ಠ ಮೂರು ರಾತ್ರಿ ಇಡಿ. ಒಂದು ರಾತ್ರಿಯ ಬುಕಿಂಗ್‌ಗೂ ತೊಳೆಯುವ ಕೆಲಸ ಅಷ್ಟೇ ಇರುತ್ತದೆ.

ದಿನಕ್ಕೆ 100ರಿಂದ 150 ಮೈಲಿ ದರದೊಳಗೆ, ಮೇಲಿನ ಪ್ರತಿ ಮೈಲಿಗೆ 35ರಿಂದ 50 ಸೆಂಟ್ ಎನ್ನುವುದು ರೂಢಿ. ಜನರೇಟರ್ ದಿನಕ್ಕೆ ಮೂರ್ನಾಲ್ಕು ಗಂಟೆ ಉಚಿತ, ಆಮೇಲೆ ಗಂಟೆಗೆ ಮೂರರಿಂದ ಐದು ಡಾಲರ್. ಇದನ್ನು ಗಂಟೆಮಾಪಕದಿಂದ ಲೆಕ್ಕ ಹಾಕಿ, ಬಾಯಿಮಾತಿನಿಂದಲ್ಲ. ಠೇವಣಿ 500ಕ್ಕಿಂತ ಕಡಿಮೆ ಬೇಡ. ಸ್ಲೈಡ್‌ಔಟ್ ಇರುವ ದೊಡ್ಡ ಗಾಡಿಗೆ 1,500.

ಷರತ್ತುಗಳಲ್ಲಿ ಹೆಸರು ಹಿಡಿದು ಬರೆಯಬೇಕಾದ ಜಾಗಗಳಿವೆ:

ಬರ್ನಿಂಗ್ ಮ್ಯಾನ್ ಬೇಡ. ಆಗಸ್ಟ್ ಕೊನೆಯಲ್ಲಿ ಈ ಉತ್ಸವ ನಡೆಯುವ ನೆವಾಡಾ ಮರುಭೂಮಿಯ ಬಯಲಿನ ಕ್ಷಾರದ ಧೂಳು ಹಿಟ್ಟಿನಷ್ಟು ನುಣುಪು. ಎಸಿ, ಫರ್ನೇಸ್, ಬಾಗಿಲ ಹಳಿ, ಲೈಟಿನ ಒಳಗೆ ಎಲ್ಲ ಸೇರಿ ಲೋಹವನ್ನು ತಿನ್ನುತ್ತದೆ. ಒಮ್ಮೆ ಹೋಗಿ ಬಂದ ಗಾಡಿಯನ್ನು ಪೂರ್ತಿ ತೊಳೆಯಲು ಆಗುವುದೇ ಇಲ್ಲ.

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸುಡುವ ಮರುಭೂಮಿ ಡೆತ್ ವ್ಯಾಲಿ ಬೇಡ. ಎಂಜಿನ್ ಕುದಿಯುತ್ತದೆ, ಟೈರು ಸಿಡಿಯುತ್ತದೆ, ಟೋ ಟ್ರಕ್ ಬರುವುದಕ್ಕೆ ಗಂಟೆಗಟ್ಟಲೆ.

ಉದ್ದ ಎತ್ತರದ ಮಿತಿಯಿರುವ ರಸ್ತೆಗಳು. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಯೂಟಾದ ಜ಼ಯಾನ್ ನ್ಯಾಷನಲ್ ಪಾರ್ಕಿನ ಸುರಂಗದಲ್ಲಿ 11 ಅಡಿ 4 ಇಂಚು ಎತ್ತರ ಮುಟ್ಟಿದರೆ ನಿರ್ಬಂಧವಿದೆ. ತಗ್ಗು ಸೇತುವೆಗಳಿರುವ ನ್ಯೂಯಾರ್ಕಿನ ಪಾರ್ಕ್‌ವೇ ರಸ್ತೆಗಳಿಗೆ ಆರ್‌ವಿ ಹೋಗಲೇಬಾರದು. ಫೋನಿನ ಮಾಮೂಲಿ ಮ್ಯಾಪ್ ಗಾಡಿಯ ಎತ್ತರ ನೋಡಿ ದಾರಿ ಹೇಳುವುದಿಲ್ಲ.

ಧೂಮಪಾನ, ನಾಯಿ, ಬೇರೆಯವರಿಗೆ ಕೀ ಕೊಡುವುದು ಇವುಗಳ ಬಗ್ಗೆ ಒಂದೊಂದು ಸಾಲು ಸಾಕು. ಅಡುಗೆಯ ವಾಸನೆ ಬಗ್ಗೆ ಬರೆಯಬೇಕೇ ಎಂದು ಸಂಕೋಚ ಪಡುವವರಿದ್ದಾರೆ. ಬರೆಯಿರಿ. ಒಳಗೆ ಮೀನು ಹುರಿಯುವುದು, ಕರಿಯುವುದು ಬೇಡ, ಅದು ಹೊರಗಿನ ಒಲೆಯಲ್ಲಿ ಆಗಲಿ. ಒಗ್ಗರಣೆ ಹಾಕುವಾಗ ಚಾವಣಿಯ ಫ್ಯಾನ್ ಹಾಕಿ ಕಿಟಕಿ ತೆಗೆಯಲಿ, ಇಲ್ಲದಿದ್ದರೆ ಸಾಸಿವೆ ಸಿಡಿದು ಮುಗಿಯುವುದರೊಳಗೆ ಹೊಗೆ ಅಲಾರಂ ಕೂಗುತ್ತದೆ. ಅಲಾರಂ ಕಾಟ ತಾಳದೆ ಅದರ ಬ್ಯಾಟರಿ ಕಿತ್ತಿಡುವುದು ಅದಕ್ಕಿಂತ ದೊಡ್ಡ ತೊಂದರೆ.

## ಹಂತ 5: ಜಾಹೀರಾತು, ಬಾಡಿಗೆದಾರರ ಆಯ್ಕೆ

ಫೋಟೊ ಬೆಳಗಿನ ಬೆಳಕಿನಲ್ಲಿ ತೆಗೆಯಿರಿ, ಸ್ಲೈಡ್ ಒಳಗಿದ್ದಾಗ ಒಂದು, ಹೊರಗಿದ್ದಾಗ ಒಂದು. ಬಾತ್‌ರೂಮಿನ ಇಕ್ಕಟ್ಟನ್ನು ಮರೆಮಾಚಬೇಡಿ. ಹಳೆಯ ಗೀರು, ಕಲೆ ಇದ್ದರೆ ಅವೂ ಬರಲಿ.

ಬುಕಿಂಗ್ ತಾನಾಗಿಯೇ ಒಪ್ಪಿಗೆಯಾಗುವ ಸೌಲಭ್ಯವನ್ನು ಮೊದಲ ಹತ್ತು ಬಾಡಿಗೆಯವರೆಗೆ ಮುಚ್ಚಿಡಿ. ಬಂದವರಿಗೆಲ್ಲ ಇಷ್ಟು ಕೇಳಿ: ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ಹಿಂದೆ ದೊಡ್ಡ ಗಾಡಿ ಓಡಿಸಿದ್ದೀರಾ, ಎಲ್ಲೆಲ್ಲಿ ತಂಗಲು ಬುಕ್ ಆಗಿದೆ? ಓಡಿಸಿ ಅನುಭವ ಇಲ್ಲ ಅನ್ನುವವರಿಂದ ತೊಂದರೆಯಿಲ್ಲ. ಅವರು ಹೇಳಿದ್ದನ್ನು ಕೇಳುತ್ತಾರೆ.

ಎಚ್ಚರಿಕೆಯ ಗಂಟೆ ಹೊಡೆಯಬೇಕಾದದ್ದು ಇಂಥಲ್ಲಿ: ಎಲ್ಲಿಗೆ ಎಂದು ಕೇಳಿದರೆ ‘ಇನ್ನೂ ನೋಡ್ಬೇಕು’ ಎನ್ನುವವರು. ಆಗಸ್ಟ್ ಕೊನೆಯಲ್ಲಿ ನೆವಾಡಾ ಕಡೆ ಹೊರಟು ‘ಸುಮ್ಮನೆ ಸುತ್ತಾಟ’ ಅನ್ನುವವರು. ತಮ್ಮ ಊರಲ್ಲೇ ಒಂದು ರಾತ್ರಿಗೆ ಬೇಕು ಅನ್ನುವವರು, ಅದು ಹೆಚ್ಚಾಗಿ ಪಾರ್ಟಿ. ಬಾಡಿಗೆಗಿಂತ ಹೆಚ್ಚಿನ ಮೊತ್ತದ ಚೆಕ್ ಕಳಿಸಿ ಮಿಕ್ಕಿದ್ದನ್ನು ವಾಪಸ್ ಕಳಿಸಿ ಅನ್ನುವವರು. ಈ ಕೊನೆಯದು ಶುದ್ಧ ಮೋಸ. ಚೆಕ್ ವಾರದ ನಂತರ ಬೌನ್ಸ್ ಆಗುತ್ತದೆ, ನೀವು ಕಳಿಸಿದ ಹಣ ಮಾತ್ರ ಹೋಗಿರುತ್ತದೆ.

## ಹಂತ 6: ಗಾಡಿ ಒಪ್ಪಿಸುವ ಒಂದೂವರೆ ಗಂಟೆ

ಬಾಡಿಗೆ ಗಾಡಿಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಈ ಹೊತ್ತಿನಲ್ಲೇ ನಿರ್ಧಾರವಾಗುತ್ತದೆ. 20 ನಿಮಿಷದಲ್ಲಿ ಗಡಿಬಿಡಿಯಿಂದ ಮುಗಿಸಿ ಕೀ ಕೊಟ್ಟವರೇ ಆಮೇಲೆ ಬಾಡಿಗೆದಾರರನ್ನು ಬೈಯುವುದು. 90 ನಿಮಿಷ ತೆಗೆದಿಡಿ. ವಿಮಾನ ಇಳಿದು ನೇರ ಬಂದವರಿಗೆ ಮಾರನೇ ಬೆಳಗ್ಗೆ ಕೊಡಿ, ನಿದ್ದೆಗಣ್ಣಿಗೆ ಏನೂ ತಲೆಗೆ ಹೋಗುವುದಿಲ್ಲ. ನಿಯಮ ಒಂದೇ: ನೀವು ಬಾಯಲ್ಲಿ ಹೇಳಿ, ಕೈ ಅವರದಾಗಿರಲಿ. ವಾಲ್ವ್ ಎಳೆಯುವವರು, ಆನಿಂಗ್ (ಗಾಡಿಯ ಬದಿಗೆ ಬಿಚ್ಚುವ ಬಟ್ಟೆಯ ನೆರಳು) ಸುತ್ತುವವರು, ಹಿಂದಕ್ಕೆ ತೆಗೆಯುವವರು ಅವರೇ.

ಮೊದಲು ಫೋಟೊ. ಮಾತು ಶುರುವಾಗುವ ಮೊದಲೇ ಅವರ ಜೊತೆ ಗಾಡಿ ಸುತ್ತಿ ವಿಡಿಯೊ ಮಾಡಿ: ನಾಲ್ಕು ಮೂಲೆ, ಆನಿಂಗ್ ಬಟ್ಟೆ, ಚಾವಣಿ, ವಿಂಡ್‌ಶೀಲ್ಡ್, ಒಳಗಿನ ಪ್ರತಿ ಸೀಟು. ಓಡೊಮೀಟರ್, ಪೆಟ್ರೋಲ್ ಮುಳ್ಳು, ಜನರೇಟರ್ ಗಂಟೆಮಾಪಕ ಮೂರನ್ನೂ ಓದಿ ಹೇಳಿ. ತಾಣದ ಫಾರಂಗೆ ಇಬ್ಬರ ಸಹಿ.

ಬ್ಲ್ಯಾಕ್ ಟ್ಯಾಂಕ್. ಎಲ್ಲರೂ ಮುಜುಗರದಿಂದ ಬೇಗ ಮುಗಿಸಿಬಿಡುವ ಭಾಗ, ಅದಕ್ಕೇ ಅತಿ ಹೆಚ್ಚು ಕೆಡುವ ಭಾಗ. ಶೌಚದ ಟ್ಯಾಂಕಿನ ವಾಲ್ವ್ ಯಾವಾಗಲೂ ಮುಚ್ಚಿರಬೇಕು, ಕ್ಯಾಂಪ್‌ಗ್ರೌಂಡಿನ ಸೀವರ್‌ಗೆ ಜೋಡಿಸಿಟ್ಟಿದ್ದಾಗಲೂ. ತೆರೆದಿಟ್ಟರೆ ನೀರು ಮಾತ್ರ ಹರಿದುಹೋಗಿ ಗಟ್ಟಿ ಪದಾರ್ಥ ಟಾಯ್ಲೆಟ್ ಕೊಳವೆಯ ಕೆಳಗೆ ಹುತ್ತದ ಹಾಗೆ ಬೆಳೆಯುತ್ತದೆ. ಒಣಗಿದ ಮೇಲೆ ಅದನ್ನು ಕರಗಿಸಲು ದಿನಗಟ್ಟಲೆ ನೀರು ನಿಲ್ಲಿಸಬೇಕು. ಮೂರನೇ ಎರಡರಷ್ಟು ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ರಭಸಕ್ಕೆ ಎಲ್ಲ ಹೋಗುತ್ತದೆ. 30 ಗ್ಯಾಲನ್ ಟ್ಯಾಂಕ್ ನಾಲ್ವರ ಕುಟುಂಬಕ್ಕೆ ಮೂರ್ನಾಲ್ಕು ದಿನ ಬರುತ್ತದೆ.

ಕ್ರಮ ಹೀಗೆ: ಕೈಗವಸು, ಹೋಸ್ ಜೋಡಣೆ, ಮೊದಲು ಬ್ಲ್ಯಾಕ್, ಅದನ್ನು ಮುಚ್ಚಿ, ಆಮೇಲೆ ಗ್ರೇ. ಸ್ನಾನ ಮತ್ತು ಪಾತ್ರೆಯ ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಖಾಲಿಯಾದ ಮೇಲೆ ಬ್ಲ್ಯಾಕ್ ಟ್ಯಾಂಕಿಗೆ ಎರಡು ಗ್ಯಾಲನ್ ನೀರು ಮತ್ತು ಔಷಧಿ ಹಾಕಬೇಕು. ನೀರು ಉಳಿಸುವ ಒಳ್ಳೆಯ ಬುದ್ಧಿಯಿಂದ ಪ್ರತಿಸಲ ಒಂದು ಲೋಟದಷ್ಟೇ ಬಿಡುವವರು ಟ್ಯಾಂಕ್ ಕೆಡಿಸುತ್ತಾರೆ. ಚೊಂಬಿನ ನೀರು ಬಳಸುವ ನಮ್ಮವರ ಅಭ್ಯಾಸ ಇಲ್ಲಿ ಟ್ಯಾಂಕಿಗೆ ಒಳ್ಳೆಯದೇ, ಒಂದು ದಿನ ಮೊದಲು ತುಂಬುತ್ತದೆ ಅಷ್ಟೇ. ಒದ್ದೆ ವೈಪ್ಸ್ ಮಾತ್ರ ಒಂದೂ ಬೀಳಬಾರದು, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಅನ್ನದ ಅಗುಳು, ಜಿಡ್ಡು ಸಿಂಕಿಗೆ ಹೋದರೆ ಮೂರನೇ ದಿನ ನಾರುವುದು ಗ್ರೇ ಟ್ಯಾಂಕ್, ಸಿಂಕಿಗೆ ಜಾಲರಿ ಇಡಿ.

ಕರೆಂಟು. 30 ಆಂಪ್ ಗಾಡಿಗೆ ಸಿಗುವುದು ಒಟ್ಟು 3,600 ವ್ಯಾಟ್. ಎಸಿ ಸುಮಾರು 13ರಿಂದ 15 ಆಂಪ್ ಎಳೆಯುತ್ತದೆ. ದೋಸೆಗೆಂದು ತಂದ 1,800 ವ್ಯಾಟ್‌ನ ಇಂಡಕ್ಷನ್ ಒಲೆ ಇನ್ನೊಂದು 15. ಅಲ್ಲಿಗೆ ಮುಗಿಯಿತು, ಬ್ಯಾಟರಿ ಚಾರ್ಜರ್ ಸೇರಿದ ಕೂಡಲೇ ಬ್ರೇಕರ್ ಬೀಳುತ್ತದೆ. ‘ಎಸಿ, ಮೈಕ್ರೊವೇವ್, ಒಲೆ, ಹೇರ್ ಡ್ರೈಯರ್: ಒಮ್ಮೆಗೆ ಒಂದೇ’ ಎಂದು ಅಡುಗೆ ಕಟ್ಟೆಯ ಮೇಲೆ ಅಂಟಿಸಿ.

ಆನಿಂಗ್. ಮಲಗುವ ಮೊದಲು, ಗಾಡಿ ಬಿಟ್ಟು ಹೊರಡುವ ಮೊದಲು ಸುತ್ತಿಡಲೇಬೇಕು. ಅರ್ಧ ನಿಮಿಷದ ಗಾಳಿಗೆ ಮಡಚಿಕೊಂಡು ಚಾವಣಿಯ ಮೇಲೆ ಬೀಳುತ್ತದೆ. ಬಹಳ ಕಡೆ ತಾಣದ ವಿಮೆ ಇದನ್ನು ಕಟ್ಟಿಕೊಡುವುದಿಲ್ಲ. ಗೊಂದಲ ಬೇಡವೆಂದರೆ ಆನಿಂಗ್‌ಗೆ ಬೀಗ ಹಾಕಿ, ಬದಲಿಗೆ ಒಂದು ಬಿಡಿ ಟೆಂಟ್ ಕೊಡಿ. ಅನುಭವವಿಲ್ಲದವರಿಗೆ ಅದೇ ಸರಿ.

ನೀರಿನ ಹೀಟರ್. ಟ್ಯಾಂಕ್ ಖಾಲಿಯಿದ್ದಾಗ ಎಲೆಕ್ಟ್ರಿಕ್ ಸ್ವಿಚ್ ಹಾಕಿದರೆ ಕಾಯಿಲ್ ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ಮೇಲೆ ಮಾತ್ರ ಸ್ವಿಚ್.

ಫ್ರಿಜ್. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಗಾಡಿ ಮಟ್ಟಸವಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ತಣ್ಣಗಾಗಲು ಏಳೆಂಟು ಗಂಟೆ ಬೇಕು. ಹಿಂದಿನ ರಾತ್ರಿಯೇ ನೀವು ಹಾಕಿಡಿ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಗ್ಯಾಸ್ ಬಂದ್.

ಓಡಿಸುವುದು. ನೀವು ಪಕ್ಕದಲ್ಲಿ ಕೂತು ಅವರಿಗೆ 15 ನಿಮಿಷ ಓಡಿಸಲು ಹೇಳಿ. ಮೂರು ವಿಷಯ ಸಾಕು. ತಿರುಗುವಾಗ ಹಿಂದಿನ ತುದಿ ಎದುರು ದಿಕ್ಕಿಗೆ ಬೀಸುತ್ತದೆ, ಗೋಡೆಗೆ ಅಂಟಿ ನಿಲ್ಲಿಸಿ ಸ್ಟಿಯರಿಂಗ್ ತಿರುಗಿಸಿದರೆ ಗೀರು ಖಂಡಿತ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿದು ನಿಲ್ಲಬೇಕು, ಕ್ಯಾಮೆರಾಕ್ಕೆ ಮೇಲಿನ ಕೊಂಬೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಗೇರ್ ಹಿಡಿಯ ತುದಿಯ ಟೋ/ಹಾಲ್ ಗುಂಡಿ ಒತ್ತಬೇಕು, ಆಗ ಎಂಜಿನ್ ತಾನೇ ವೇಗ ಹಿಡಿದಿಡುತ್ತದೆ. ಬಹಳಷ್ಟು ಕ್ಲಾಸ್ ಸಿ ಗಾಡಿಗಳ ಷಾಸಿಯಾದ ಫೋರ್ಡ್ ಇ-450ರ ಒಟ್ಟು ತೂಕದ ಮಿತಿ 14,500 ಪೌಂಡ್. ಬೆಟ್ಟ ಇಳಿಯುವಾಗ ಬರೀ ಬ್ರೇಕ್ ಒತ್ತಿಕೊಂಡು ಬಂದರೆ ಸುಟ್ಟ ವಾಸನೆ ಬಂದು ಪೆಡಲ್ ಮೆತ್ತಗಾಗುತ್ತದೆ.

## ಹಂತ 7: ಪ್ರವಾಸದ ನಡುವೆ ಬರುವ ಫೋನ್

ಹತ್ತರಲ್ಲಿ ಎಂಟು ಕರೆಗಳಿಗೆ ಉತ್ತರ ಇಷ್ಟರಲ್ಲೇ ಇದೆ. ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಬಾಗಿಲ ಹಿಂದೆ ತೂಗುಹಾಕಿ.

- ಒಂದು ಬದಿಯ ಪ್ಲಗ್‌ಗಳು ಸತ್ತಿವೆ: ಬಾತ್‌ರೂಮಿನ ಪ್ಲಗ್‌ನಲ್ಲಿರುವ ಚಿಕ್ಕ ರೀಸೆಟ್ ಗುಂಡಿ ಒತ್ತಿ.
- ದೀಪ, ಪಂಪ್ ಎಲ್ಲ ಸತ್ತಿದೆ: ಬಾಗಿಲ ಪಕ್ಕದ ಬ್ಯಾಟರಿ ಸ್ವಿಚ್ ‘ಸ್ಟೋರ್’ಗೆ ಹೋಗಿದೆ. ಒಳಗೆ ಬರುವಾಗ ಬ್ಯಾಗ್ ತಾಗಿರುತ್ತದೆ.
- ಜನರೇಟರ್ ನಿಂತಿತು, ಶುರುವಾಗುತ್ತಿಲ್ಲ: ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದಿದೆ. ನೀವು ಕಾಡಿನಲ್ಲೇ ಸಿಕ್ಕಿಹಾಕಿಕೊಳ್ಳದಿರಲಿ ಎಂದೇ ಹಾಗೆ ಮಾಡಿದ್ದಾರೆ.
- ಸ್ಲೈಡ್ ಅಲ್ಲಾಡುತ್ತಿಲ್ಲ: ಪಾರ್ಕಿಂಗ್ ಬ್ರೇಕ್ ಹಾಕಿದೆಯೇ, ಬ್ಯಾಟರಿ ಇಳಿದಿದೆಯೇ? ಬಲವಂತವಾಗಿ ತಳ್ಳಬೇಡಿ.
- ನೆಲದ ಹತ್ತಿರದ ಅಲಾರಂ ಕೂಗುತ್ತಿದೆ: ಎಲ್ಲರೂ ಹೊರಗೆ, ಬಾಗಿಲು ತೆರೆದು, ಗ್ಯಾಸ್ ಟ್ಯಾಂಕ್ ಬಂದ್ ಮಾಡಿ. ಕಾರಣ ಆಮೇಲೆ ಹುಡುಕಿ.

ರೋಡ್‌ಸೈಡ್ ಸಹಾಯದ ನಂಬರ್ ನಿಮ್ಮ ನಂಬರಿಗಿಂತ ದೊಡ್ಡ ಅಕ್ಷರದಲ್ಲಿರಲಿ. ಎಂಜಿನ್ ತಾಪದ ಮುಳ್ಳು ಕೆಂಪಿಗೆ ಹೋದರೆ ನಿಲ್ಲಿಸಲಿ. ‘ಇನ್ನು ಹತ್ತು ಮೈಲಿ ಹೋಗ್ಲಾ?’ ಎಂದು ಕೇಳಿದರೆ ಬೇಡ ಎನ್ನಿ.

## ಹಂತ 8: ಗಾಡಿ ವಾಪಸ್ ಬಂದಾಗ

ಬಾಡಿಗೆದಾರರು ಇರುವಾಗಲೇ ಪರಿಶೀಲನೆ ಮುಗಿಯಬೇಕು. ಕೀ ಡಬ್ಬಕ್ಕೆ ಹಾಕಿ ಹೋಗುವ ಪದ್ಧತಿಯಲ್ಲಿ ಗೀರು ಯಾವಾಗ ಆಯಿತೆಂಬುದನ್ನು ಸಾಬೀತು ಮಾಡಲು ಆಗುವುದಿಲ್ಲ. ಹೋಗುವಾಗ ಮಾಡಿದ ವಿಡಿಯೊದ ಕ್ರಮದಲ್ಲೇ ಇನ್ನೊಂದು ಮಾಡಿ. ಹಗಲಲ್ಲೇ ತರಲು ಹೇಳಿ. ರಾತ್ರಿ ಟಾರ್ಚ್ ಬೆಳಕಿಗೆ ಚಾವಣಿಯ ಹರಕು ಕಾಣುವುದಿಲ್ಲ.

ಟ್ಯಾಂಕಿನ ಸೂಚಕ ದೀಪಗಳನ್ನು ನಂಬಬೇಡಿ. ಒಳಗಿನ ಕಡ್ಡಿಗಳಿಗೆ ಕಾಗದ ಅಂಟಿಕೊಂಡು ಖಾಲಿ ಟ್ಯಾಂಕನ್ನೂ ಮುಕ್ಕಾಲು ತುಂಬಿದೆ ಎಂದು ತೋರಿಸುತ್ತವೆ. ಟಾಯ್ಲೆಟ್ ಪೆಡಲ್ ಒತ್ತಿ ಟಾರ್ಚ್ ಬಿಟ್ಟು ನೋಡಿ. ಆನಿಂಗನ್ನು ಪೂರ್ತಿ ಬಿಚ್ಚಿ. ಹರಿದದ್ದನ್ನು ಸುತ್ತಿ ಒಳಗಿಟ್ಟಿರುತ್ತಾರೆ. ಕಾರ್ಪೆಟ್ಟನ್ನು ಬರಿಗಾಲಲ್ಲಿ ತುಳಿದು ನೋಡಿ, ಒದ್ದೆ ಗೊತ್ತಾಗುತ್ತದೆ.

ಹಾನಿಯಿದ್ದರೆ ತಾಣಕ್ಕೆ ದೂರು ಸಲ್ಲಿಸುವ ಗಡುವು ಬಹಳ ಚಿಕ್ಕದು. ಮುಂದಿನ ಬಾಡಿಗೆದಾರರಿಗೆ ಕೊಡುವ ಮೊದಲೇ ಸಲ್ಲಿಸಬೇಕು, ಇಲ್ಲದಿದ್ದರೆ ಯಾರು ಮಾಡಿದ್ದೆಂಬ ಪ್ರಶ್ನೆ ಬಂದು ಎಲ್ಲ ಬಿದ್ದುಹೋಗುತ್ತದೆ. ಹಾಗಾಗಿ ಎರಡು ಬುಕಿಂಗ್ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ. ಐದು ಡಾಲರ್‌ನ ಲೋಟ ಒಡೆದದ್ದಕ್ಕೆ ಠೇವಣಿಗೆ ಕೈ ಹಾಕಬೇಡಿ. ಆ ಐದು ಡಾಲರ್‌ಗೆ ಸಿಗುವುದು ಎರಡು ನಕ್ಷತ್ರದ ವಿಮರ್ಶೆ.

## ಹಂತ 9: ತೆರಿಗೆ, ಚಳಿಗಾಲ

ಮಲಗಲು, ಅಡುಗೆಗೆ, ಶೌಚಕ್ಕೆ ಅನುಕೂಲವಿರುವ ಮೋಟರ್‌ಹೋಮನ್ನು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ವಾಸದ ಮನೆಯ ಸಾಲಿಗೆ ಸೇರಿಸುತ್ತದೆ. ನೀವೇ ವರ್ಷದಲ್ಲಿ 14 ದಿನಕ್ಕಿಂತ ಹೆಚ್ಚು ಬಳಸಿ, ಬಾಡಿಗೆಗೆ ಕೊಟ್ಟದ್ದು 15 ದಿನಕ್ಕಿಂತ ಕಡಿಮೆಯಿದ್ದರೆ ಆ ಬಾಡಿಗೆಗೆ ಫೆಡರಲ್ ಆದಾಯ ತೆರಿಗೆ ಇಲ್ಲ. ಬಾಡಿಗೆಯ ಖರ್ಚುಗಳನ್ನೂ ಕಳೆಯುವಂತಿಲ್ಲ. 15ನೇ ದಿನ ಮುಟ್ಟಿದರೆ ಪೂರ್ತಿ ಆದಾಯ ತೋರಿಸಬೇಕು. ಒಂದೊಂದು ಬಾಡಿಗೆಯ ಸರಾಸರಿ ಏಳು ದಿನ ಅಥವಾ ಕಡಿಮೆ ಇದ್ದರೆ ಅದು ಮಾಮೂಲಿ ಬಾಡಿಗೆ ಆದಾಯದ ಹಾಗೆ ನಡೆಯುವುದಿಲ್ಲ, ಶೆಡ್ಯೂಲ್ ಸಿ (ಸ್ವಂತ ವ್ಯಾಪಾರದ ತೆರಿಗೆ ಫಾರಂ) ಮತ್ತು 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆಯ ಮಾತು ಬರುತ್ತದೆ. ತೆರಿಗೆ ಲೆಕ್ಕಿಗರಾದ ಸಿಪಿಎ ಹತ್ತಿರ ಮಾರ್ಚ್‌ನಲ್ಲಿ ಅಲ್ಲ, ಬಾಡಿಗೆ ಶುರುಮಾಡುವ ಮೊದಲೇ ಹೋಗಿ. ನೀವು ಬಳಸಿದ ದಿನ, ಬಾಡಿಗೆಯ ದಿನ, ಎರಡನ್ನೂ ಮೈಲಿ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ.

ಹಿಮ ಬೀಳುವ ಕಡೆಯವರು ಕೊನೆಯ ಬಾಡಿಗೆ ಮುಗಿದ ವಾರವೇ ನೀರಿನ ಲೈನ್ ಖಾಲಿ ಮಾಡಿ. ಹೀಟರ್ ಒಳಗೆ ಹೋಗದಂತೆ ಅದರ ಬೈಪಾಸ್ ತಿರುಗಿಸಿ, ಎರಡು ಮೂರು ಗ್ಯಾಲನ್ ಗುಲಾಬಿ ಬಣ್ಣದ ಆರ್‌ವಿ ಆ್ಯಂಟಿಫ್ರೀಜ಼್ ಪಂಪ್ ಮಾಡಿ, ಪ್ರತಿ ನಲ್ಲಿಯಲ್ಲೂ ಗುಲಾಬಿ ಬರುವವರೆಗೆ ಬಿಡಿ. ಕಾರಿನ ಹಸಿರು ಆ್ಯಂಟಿಫ್ರೀಜ಼್ ವಿಷ, ಅದು ಈ ಲೈನಿಗೆ ಹೋಗಲೇಬಾರದು. ಹೊರಗಿನ ಶವರ್‌ನ ನಲ್ಲಿಯನ್ನು ಮರೆಯುವವರೇ ಹೆಚ್ಚು, ವಸಂತದಲ್ಲಿ ಒಡೆದಿರುವುದೂ ಅದೇ. ನಿಂತಿರುವ ತಿಂಗಳುಗಳಲ್ಲಿ ಜನರೇಟರನ್ನು ತಿಂಗಳಿಗೊಮ್ಮೆ ಅರ್ಧ ಹೊರೆಯಲ್ಲಿ ಓಡಿಸಿ, ಇಲ್ಲದಿದ್ದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಂಟಾಗಿ ಮೇ ತಿಂಗಳ ಮೊದಲ ಬುಕಿಂಗ್ ದಿನವೇ ಕೈಕೊಡುತ್ತದೆ.